ʻದಿ ಅಪೀಲ್ʼ ಕಾದಂಬರಿಯ ಕೊನೆ ನಿಮಗೂ ಹೀಗೇ ನೋವು ಕೊಟ್ಟಿತಾ?

ಪೆನ್ಸಿಲ್ ಗುರುತು ಕೇಳಿದ್ದು:

ಜಾನ್ ಗ್ರಿಶಾಂ ಬರೆದ ʻದಿ ಅಪೀಲ್ʼ ನಿನ್ನೆ ರಾತ್ರಿ ಮುಗಿಸಿದೆ. ಇನ್ನೂ ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಏಕೆಂದರೆ ಕೊನೆಯನ್ನು ಪೂರ್ತಿ ಹೇಳುತ್ತಿದ್ದೇನೆ. ಹೇಳದೆ ನನ್ನ ಸಂಕಟ ಅರ್ಥವಾಗುವುದಿಲ್ಲ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಒಂದು ಚಿಕ್ಕ ಊರು. ರಾಸಾಯನಿಕ ಕಂಪನಿಯೊಂದು ವರ್ಷಗಟ್ಟಲೆ ನೆಲಕ್ಕೆ ಸುರಿದ ವಿಷ ಕುಡಿಯುವ ನೀರಿಗೆ ಇಳಿದಿದೆ. ಜೆನೆಟ್ ಬೇಕರ್ ಎಂಬ ಹೆಂಗಸು ಗಂಡನನ್ನೂ ಮಗನನ್ನೂ ಕ್ಯಾನ್ಸರಿಗೆ ಕಳೆದುಕೊಂಡಿದ್ದಾಳೆ. ಅವಳ ಕೇಸು ಹಿಡಿದ ಪೇಟನ್ ದಂಪತಿ ವಕೀಲರು ಮನೆ ಮಾರಿ, ಬ್ಯಾಂಕ್ ಸಾಲದಲ್ಲಿ ಕುತ್ತಿಗೆವರೆಗೆ ಮುಳುಗಿದ್ದಾರೆ. 71 ದಿನದ ವಿಚಾರಣೆ, 42 ಗಂಟೆ ಜ್ಯೂರಿಯ, ಅಂದರೆ ತೀರ್ಪು ಕೊಡಲು ಕೂರಿಸಿದ ಸಾಮಾನ್ಯ ಜನರ ತಂಡದ, ಚರ್ಚೆ. ಕೊನೆಗೆ 4.1 ಕೋಟಿ ಡಾಲರ್ ಪರಿಹಾರದ ತೀರ್ಪು. ಓದುತ್ತಾ ನಾನು ಒಬ್ಬನೇ ಚಪ್ಪಾಳೆ ಹೊಡೆದುಬಿಟ್ಟೆ.

ಆಮೇಲೆ ಕಂಪನಿಯ ಒಡೆಯ ಕಾರ್ಲ್ ಟ್ರೂಡೋ ಅಪೀಲು ಹೋಗುತ್ತಾನೆ. ಆ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ಜನ ಮತ ಹಾಕಿ ಆರಿಸುತ್ತಾರಲ್ಲ, ಗುಟ್ಟಾಗಿ ದುಡ್ಡು ಸುರಿದು ತನಗೆ ಬೇಕಾದವನನ್ನು ಅಲ್ಲಿ ಕೂರಿಸುತ್ತಾನೆ. ಹಾಗೆ ಗೆದ್ದು ಬಂದವನು ರಾನ್ ಫಿಸ್ಕ್. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಚರ್ಚಿಗೆ ಹೋಗುತ್ತಾನೆ, ಮಗನ ಬೇಸ್‌ಬಾಲ್ ಆಟ ಅಂದರೆ ಪ್ರಾಣ. ತನ್ನ ಹಿಂದೆ ನಿಂತಿರುವ ದುಡ್ಡು ಯಾರದ್ದು ಅಂತ ಮಾತ್ರ ಒತ್ತಿ ಕೇಳುವುದಿಲ್ಲ.

ಒಂದು ದಿನ ಅದೇ ಆಟದಲ್ಲಿ ಮಗನ ತಲೆಗೆ ಚೆಂಡು ಬಡಿಯುತ್ತದೆ. ಬ್ಯಾಟು ಅಪಾಯಕಾರಿ, ಮೇಲೆ ಆಸ್ಪತ್ರೆಯವರ ಎಡವಟ್ಟು. ಕಂಪನಿ ಮಾಡಿದ ತಪ್ಪು ಒಂದು ಮನೆಯನ್ನು ಹೇಗೆ ಮುರಿಯುತ್ತದೆ ಅಂತ ಅವನೇ ಕಣ್ಣಾರೆ ನೋಡುತ್ತಾನೆ. ಆ ಪುಟದ ಅಂಚಿನಲ್ಲಿ ನಾನು ಪೆನ್ಸಿಲ್‌ನಿಂದ ಬರೆದೆ: ʻಈಗ ಗೊತ್ತಾಗುತ್ತೆ ಇವನಿಗೆ.ʼ ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಇಷ್ಟಾದ ಮೇಲೂ ಅವನು ಕಂಪನಿಯ ಪರವೇ ಮತ ಹಾಕುತ್ತಾನೆ. ಜ್ಯೂರಿಯ ತೀರ್ಪು ಬಿದ್ದುಹೋಗುತ್ತದೆ. ಪುಸ್ತಕ ಮುಗಿಯುವಾಗ ಟ್ರೂಡೋ ತನ್ನ ಐಷಾರಾಮಿ ಹಡಗಿನಲ್ಲಿ ಹಾಯಾಗಿದ್ದಾನೆ.

ರಾತ್ರಿ ಒಂದೂವರೆ ಗಂಟೆ. ಪುಟಗಳು ಅಂಟಿಕೊಂಡಿರಬಹುದು ಅಂತ ಕೊನೆಯ ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಏನೂ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದೇನೆ, ಲೇಖಕರು ನಮಗೆ ಮೋಸ ಮಾಡಿದರಾ? ಅಥವಾ ಒಳ್ಳೆಯವರು ಗೆಲ್ಲಲೇಬೇಕು ಅಂತ ಹಟ ಹಿಡಿಯುವುದು ನನ್ನದೇ ತಪ್ಪಾ?

ಮೊದಲ ಅಧ್ಯಾಯ:

ತಪ್ಪೇನಿಲ್ಲ. ನಾನು ಈ ಪುಸ್ತಕ ಓದಿ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

ಒಂದು ವಿಷಯ ಮಾತ್ರ ನನಗೆ ಎರಡನೇ ಸಲ ಓದುವಾಗ ಹೊಳೆಯಿತು. ಕೋರ್ಟಿನ ಕಥೆಗಳಲ್ಲಿ ಜ್ಯೂರಿ ತೀರ್ಪು ಯಾವಾಗ ಬರುತ್ತದೆ? ಕೊನೆಗೆ. ಅಲ್ಲಿಯವರೆಗೆ ಉಗುರು ಕಚ್ಚಿಕೊಂಡು ಕಾಯುತ್ತೇವೆ. ಇಲ್ಲಿ ಅದು ಮೊದಲ ಅಧ್ಯಾಯದಲ್ಲೇ ಬಂದುಬಿಡುತ್ತದೆ. ನೀವು ಚಪ್ಪಾಳೆ ಹೊಡೆದಿರಲ್ಲ, ಅದೇ ಗೆಲುವು. ಅದಾದ ಮೇಲೆ ಪೇಟನ್ ದಂಪತಿ ಕೈಯಲ್ಲಿ ಏನಿದೆ ಹೇಳಿ? ಕಾಯುವುದು ಬಿಟ್ಟರೆ ಬೇರೇನೂ ಇಲ್ಲ. ಆಡುವ ಕೈಗಳೆಲ್ಲ ಆ ಕಡೆಯವು. ಲೇಖಕರು ಮೊದಲೇ ಹೇಳಿಬಿಟ್ಟಿದ್ದರು, ನಾವು ಕೇಳಿಸಿಕೊಳ್ಳಲಿಲ್ಲ.

ಅಪೀಲು ನೋಡುವ ವಕೀಲೆ:

ನನ್ನ ದಿನನಿತ್ಯದ ಕೆಲಸವೇ ಅಪೀಲು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೆಳ ಕೋರ್ಟಿನಲ್ಲಿ ಸಾಕ್ಷಿ ಕಟಕಟೆಗೆ ಬಂದು ನಿಲ್ಲುತ್ತಾಳೆ. ಮಗನ ಹೆಸರು ಹೇಳುವಾಗ ಗಂಟಲು ಕಟ್ಟುತ್ತದೆ. ಅದನ್ನು ತೀರ್ಪು ಕೊಡುವವರು ನೋಡುತ್ತಾರೆ. ಅಪೀಲಿಗೆ ಹೋಗುವುದು ಆ ಗಂಟಲಲ್ಲ, ಟೈಪ್ ಮಾಡಿದ ಹಾಳೆಗಳು. ಅವಳು ಅತ್ತದ್ದು ಅದರಲ್ಲಿ ಒಂದು ಖಾಲಿ ಸಾಲು ಕೂಡ ಆಗಿರುವುದಿಲ್ಲ. ಅಪೀಲಿನಲ್ಲಿ ಹೊಸ ಸಾಕ್ಷಿ ಬರುವುದು ಅಪರೂಪ. ಕೆಳಗಿನವರು ಕಾನೂನು ಸರಿಯಾಗಿ ಹಚ್ಚಿದರಾ, ತಜ್ಞರ ಮಾತನ್ನು ಒಳಗೆ ಬಿಟ್ಟದ್ದು ಸರಿಯಾ, ಪರಿಹಾರ ಜಾಸ್ತಿಯಾಯಿತಾ, ಹೆಚ್ಚಾಗಿ ಇಂಥ ಪ್ರಶ್ನೆಗಳೇ. ಹೊರಗಿನಿಂದ ನೋಡಿದರೆ ತುಂಬಾ ತಣ್ಣಗಿನ ಜಾಗ.

ನನ್ನ ಬಳಿ ಒಬ್ಬ ಹಿರಿಯರು ಬರುತ್ತಿದ್ದರು. ಕೆಳಗೆ ಗೆದ್ದಿದ್ದರು, ಮೇಲೆ ಸೋತರು. ಗೆದ್ದ ತೀರ್ಪಿನ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿತ್ತು. ಸೋತ ದಿನ ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ʻಇದೇ ಕಾಗದ ಅಲ್ವಾ ಮೇಡಂ? ಒಳಗೆ ಬರೆದಿರೋದು ಬದಲಾಗಿಲ್ಲ. ಮತ್ತೆ ಹೇಗೆ ಸುಳ್ಳಾಯ್ತು?ʼ ಅಂತ ಕೇಳಿದರು. ಉತ್ತರ ಹೇಳಲು ನನಗೆ ಬಾಯೇ ಬರಲಿಲ್ಲ. ಅದಕ್ಕೇ ಈ ಕಾದಂಬರಿಯ ಕೊನೆಯನ್ನು ಯಾರಾದರೂ ʻಅತಿಯಾಯಿತುʼ ಅಂದರೆ ನನಗೆ ಒಪ್ಪಲು ಆಗುವುದಿಲ್ಲ.

ಆದರೆ ನಿಮ್ಮ ಪೆನ್ಸಿಲ್ ಸಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಫಿಸ್ಕ್ ಮಗನಿಗೆ ಪೆಟ್ಟಾದ ಮೇಲೆ ಬದಲಾಗಬೇಕಿತ್ತು ಅಂತ ನೀವು ಕಾದಿರಿ. ನಾನೂ ಕಾದಿದ್ದೆ. ಒಂದು ಸಲ ಯೋಚಿಸಿ ನೋಡಿ, ತನ್ನ ಮನೆಗೆ ಪೆಟ್ಟು ಬಿದ್ದ ಕಾರಣಕ್ಕೆ ತೀರ್ಪು ಬದಲಿಸುವ ನ್ಯಾಯಾಧೀಶ ಒಳ್ಳೆಯವನಾ? ಹಾಗಾದರೆ ಮಗ ಹುಷಾರಾಗಿದ್ದಿದ್ದರೆ ಜೆನೆಟ್‌ಗೆ ನ್ಯಾಯ ಇಲ್ಲ ಅಂತಾಯಿತು. ಮನೆಯ ದುಃಖವನ್ನು ಪೀಠದ ಮೇಲೆ ತರಬಾರದು ಎಂಬ ನಿಯಮ ಕೆಟ್ಟದ್ದಲ್ಲ. ಅವಳ ಮಗನ ಸಾವು ಕಾಣಿಸಲು ತನ್ನ ಮಗನೇ ಬೀಳಬೇಕಾದವನನ್ನು ಅಲ್ಲಿ ಕೂರಿಸಿದ್ದೇ ತಪ್ಪು. ಆ ತಪ್ಪು ನಡೆದದ್ದು ಚುನಾವಣೆಯ ದಿನ. ತೀರ್ಪಿನ ದಿನ ಬರೀ ಸಹಿ ಬಿತ್ತು.

ಒಪ್ಪದ ಓದುಗ:

ಮೇಡಂ ಬರೆದದ್ದು ಓದಿ ಮನಸ್ಸು ಭಾರವಾಯಿತು. ಆದರೂ ನಾನು ಈ ಕೊನೆಯನ್ನು ಒಪ್ಪುವುದಿಲ್ಲ. ಸೋತದ್ದಕ್ಕಲ್ಲ.

1960ರಲ್ಲಿ ಬಂದ ಹಾರ್ಪರ್ ಲೀ ಅವರ ʻಟು ಕಿಲ್ ಎ ಮಾಕಿಂಗ್‌ಬರ್ಡ್ʼನಲ್ಲೂ ಕೋರ್ಟಿನಲ್ಲಿ ಸೋಲೇ. ಟಾಮ್ ರಾಬಿನ್ಸನ್ ಎಂಬ ಕಪ್ಪು ಮನುಷ್ಯ ನಿರಪರಾಧಿ ಅಂತ ಗೊತ್ತಿದ್ದೂ ಜ್ಯೂರಿ ಅವನನ್ನು ಅಪರಾಧಿ ಮಾಡುತ್ತದೆ. ಅಪೀಲು ಇನ್ನೂ ಬಾಕಿ ಇರುವಾಗಲೇ ಜೈಲಿನಿಂದ ಓಡಲು ಹೋಗಿ 17 ಗುಂಡು ತಿಂದು ಸಾಯುತ್ತಾನೆ. ಇದಕ್ಕಿಂತ ಕತ್ತಲೆ ಬೇಕಾ? ಆದರೂ ಆ ಪುಸ್ತಕವನ್ನು ಜನ ಎದೆಗೆ ಅವಚಿಕೊಳ್ಳುತ್ತಾರೆ. ಸೋತು ಹೊರಟ ವಕೀಲ ಆಟಿಕಸ್‌ಗಾಗಿ ಮೇಲಿನ ಬಾಲ್ಕನಿಯಲ್ಲಿ ಕುಳಿತ ಕಪ್ಪು ಜನರೆಲ್ಲ ಎದ್ದು ನಿಲ್ಲುತ್ತಾರೆ. ಆ ಒಂದು ಕ್ಷಣ ಸಾಕು. ನೋಡಿದವರು ಯಾರೋ ಇದ್ದಾರೆ ಅಂತ ಓದುಗನಿಗೆ ಗೊತ್ತಾಗುತ್ತದೆ.

ಗ್ರಿಶಾಂ ಕೊನೆಯ ಪುಟವನ್ನು ಟ್ರೂಡೋಗೆ ಕೊಟ್ಟುಬಿಟ್ಟರು. ಸೋತವರ ಜೊತೆ ಕೂತು ಪುಸ್ತಕ ಮುಚ್ಚಲು ನಮಗೆ ಬಿಡಲಿಲ್ಲ. ನನ್ನ ದೂರು ಅದೊಂದೇ. ಕೆಟ್ಟವನ ಹಡಗಿನಲ್ಲಿ ನಮ್ಮನ್ನು ಒಂಟಿಯಾಗಿ ಬಿಟ್ಟು ಹೋದರು.

ವರದಿ ಓದುವವ:

ಇದನ್ನು ಬರೀ ಕಲ್ಪನೆ ಅಂದುಕೊಂಡವರಿಗೆ. ಪಶ್ಚಿಮ ವರ್ಜೀನಿಯಾದಲ್ಲಿ 2002ರಲ್ಲಿ ಜ್ಯೂರಿ ಒಂದು ದೊಡ್ಡ ಕಲ್ಲಿದ್ದಲು ಕಂಪನಿಯ ವಿರುದ್ಧ 5 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಅಪೀಲು ಮೇಲೆ ಹೋಗುವ ಮೊದಲೇ 2004ರಲ್ಲಿ ಆ ರಾಜ್ಯದ ಮೇಲಿನ ಕೋರ್ಟಿನ ನ್ಯಾಯಾಧೀಶರ ಚುನಾವಣೆ ಬಂತು. ಕಂಪನಿಯ ಮುಖ್ಯಸ್ಥರು ಸುಮಾರು 30 ಲಕ್ಷ ಡಾಲರ್ ಖರ್ಚು ಮಾಡಿ ಒಬ್ಬ ಅಭ್ಯರ್ಥಿಗೆ ಬೆಂಬಲ ಕೊಟ್ಟರು. ಅವರು ಗೆದ್ದರು. 2007ರಲ್ಲಿ ಆ ತೀರ್ಪನ್ನು 3-2ರಲ್ಲಿ ಬೀಳಿಸಿದಾಗ ಬಹುಮತದಲ್ಲಿ ಅವರೂ ಇದ್ದರು. ಪಕ್ಕಕ್ಕೆ ಸರಿಯಿರಿ ಅಂತ ಕೇಳಿಕೊಂಡರೂ ಸರಿಯಲಿಲ್ಲ. ಕಾದಂಬರಿ ಹೊರಬಂದದ್ದು 2008ರ ಜನವರಿಯಲ್ಲಿ.

2009ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕೇಪರ್ಟನ್ ಕೇಸು ಅಂತ ಹೆಸರಾದ ಇದೇ ಕೇಸಿನಲ್ಲಿ, 5-4ರಿಂದ ಹೇಳಿತು, ಆ ನ್ಯಾಯಾಧೀಶರು ದೂರ ಉಳಿಯಲೇಬೇಕಿತ್ತು ಅಂತ. ಮೇಡಂ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆ ನ್ಯಾಯಾಧೀಶರ ಮನಸ್ಸು ಕರಗಬೇಕಿತ್ತು ಅಂತ ಕೋರ್ಟ್ ಹೇಳಲಿಲ್ಲ, ಆ ಕುರ್ಚಿಯಿಂದ ಏಳಬೇಕಿತ್ತು ಅಂದಿತು.

ಇಷ್ಟಕ್ಕೇ ನಿಲ್ಲಿಸಿದರೆ ಸುಖಾಂತ್ಯ. ಆದರೆ ಕೇಸು ವಾಪಸ್ ಹೋಯಿತು. ಅದೇ ವರ್ಷ ನವೆಂಬರಿನಲ್ಲಿ, ಆ ನ್ಯಾಯಾಧೀಶರು ಇಲ್ಲದೆಯೇ, ರಾಜ್ಯದ ಕೋರ್ಟ್ 4-1ರಿಂದ ಮತ್ತೆ ಕಂಪನಿಯ ಪರವೇ ತೀರ್ಪು ಕೊಟ್ಟಿತು. ಒಪ್ಪಂದದ ಪ್ರಕಾರ ಈ ದಾವೆಯನ್ನು ಬೇರೆ ರಾಜ್ಯದಲ್ಲಿ ಹೂಡಬೇಕಿತ್ತು ಎಂಬ ಕಾರಣಕ್ಕೆ. ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ನಾವು ಯಾರೂ ನಂಬುತ್ತಿರಲಿಲ್ಲ.

ಪೆನ್ಸಿಲ್ ಗುರುತು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮೇಡಂ, ನಿಮ್ಮದನ್ನು ಮೂರು ಸಲ.

ಆ ಪುಟ ಮತ್ತೆ ತೆರೆದು ನೋಡಿದೆ. ʻಈಗ ಗೊತ್ತಾಗುತ್ತೆ ಇವನಿಗೆʼ ಅಂತ ಬರೆದಿದ್ದೆನಲ್ಲ, ಅದರ ಪಕ್ಕದಲ್ಲೇ ಒಬ್ಬ ಹುಡುಗ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ನಾನು ಅವನನ್ನು ನೋಡಲೇ ಇಲ್ಲ. ಅವನ ಪೆಟ್ಟು ನಮ್ಮ ಕೇಸಿಗೆ ಉಪಯೋಗಕ್ಕೆ ಬರುತ್ತದೆ ಅಂತ ಖುಷಿಪಟ್ಟಿದ್ದೆ. ಕೋಪ ಕಡಿಮೆಯಾಗಿಲ್ಲ, ಆದರೆ ಫಿಸ್ಕ್ ಮೇಲಿದ್ದ ಕೋಪ ಈಗ ಟ್ರೂಡೋ ಚೆಕ್ ಬರೆದ ಪುಟಗಳ ಕಡೆ ಹೊರಳಿದೆ. ಆ ಪುಟಗಳಲ್ಲಿ ನಾನು ಒಂದೂ ಗುರುತು ಹಾಕಿರಲಿಲ್ಲ. ಕಥೆ ಇನ್ನೂ ಶುರುವಾಗಬೇಕು ಅಂತ ಬೇಗ ಬೇಗ ತಿರುವಿದ್ದೆ.

ಹಡಗಿನ ವಿಷಯದಲ್ಲಿ ಮಾತ್ರ ನಾನು ʻಒಪ್ಪದ ಓದುಗʼರ ಪಕ್ಷ. ಇನ್ನೊಂದು ಪುಟ, ಜೆನೆಟ್ ಬೇಕರ್ ಜೊತೆ, ಬೇಕಿತ್ತು.

ಮೇಡಂ, ಆ ಹಿರಿಯರು ಈಗ ಹೇಗಿದ್ದಾರೆ?

ಅಪೀಲು ನೋಡುವ ವಕೀಲೆ:

ಇನ್ನೂ ಮೇಲಿನ ಕೋರ್ಟಿಗೆ ಹೋಗೋಣ ಅಂದೆ. ʻಸಾಕು ಮೇಡಂ, ಮೊಮ್ಮಗಳ ಪರೀಕ್ಷೆ ಇದೆʼ ಅಂದರು. ಆ ಕಾಗದ ಮೇಜಿನ ಮೇಲೇ ಬಿಟ್ಟು ಹೋದರು. ಫೋನ್ ಮಾಡಿದಾಗ, ʻನಿಮ್ಮ ಹತ್ರಾನೇ ಇರಲಿʼ ಅಂದರು. ಫೈಲು ಮುಚ್ಚಿ ಬಹಳ ದಿನವಾಯಿತು. ಕಾಗದ ನನ್ನ ಡ್ರಾಯರಿನಲ್ಲಿದೆ, ಅದೇ ಪ್ಲಾಸ್ಟಿಕ್ ಕವರಿನಲ್ಲಿ.