‘ಬಾಡಿ ಪಿಯರ್ಸಿಂಗ್’: ಚುಚ್ಚಿಸುವುದೋ, ಹಾಕಿಸುವುದೋ?

ಎಲ್ಲರಿಗೂ ನಮಸ್ಕಾರ. ಪರಿಚಿತರೊಬ್ಬರು ಬೆಂಗಳೂರಿನಲ್ಲಿ ಪಿಯರ್ಸಿಂಗ್ ಸ್ಟುಡಿಯೋ ನಡೆಸುತ್ತಾರೆ, ಅಂದರೆ ಕಿವಿ, ಮೂಗು, ಹೊಕ್ಕುಳು ಚುಚ್ಚಿ ಒಡವೆ ತೊಡಿಸುವ ಅಂಗಡಿ. ಬೋರ್ಡು, ಒಪ್ಪಿಗೆ ಪತ್ರ, ಬಂದವರ ಕೈಗೆ ಕೊಡುವ ಆರೈಕೆಯ ಚೀಟಿ, ಮೂರೂ ಕನ್ನಡದಲ್ಲಿ ಬೇಕಂತೆ. ಬೋರ್ಡಿಗಾದರೆ ಶೇ 60 ಕನ್ನಡದ ನಿಯಮವಿದೆ. ಉಳಿದೆರಡು ಅವರದೇ ಆಸೆ. ಯಾರೋ ಮಾಡಿಕೊಟ್ಟ ಕರಡಿನಲ್ಲಿ ‘ದೇಹ ಚುಚ್ಚುವಿಕೆ ಸೇವೆಗಳು’ ಎಂದಿದೆ. ಪೊಲೀಸ್ ಠಾಣೆಗೆ ಕೊಟ್ಟ ದೂರಿನ ಹಾಗೆ ಕೇಳುತ್ತದೆ.

ನಾವು ಹೇಳುವುದು ಕಿವಿ ಚುಚ್ಚಿಸು, ಮೂಗು ಚುಚ್ಚಿಸು ಎಂದು. ಅಂಗದ ಹೆಸರು ಜೊತೆಗಿರುತ್ತದೆ, ಹೋದವರು ತಾವಾಗಿ ಹೋಗಿದ್ದಾರೆ ಅನ್ನುವುದೂ ‘ಇಸು’ವಿನಲ್ಲೇ ಬಂತು. ‘ಚುಚ್ಚುವಿಕೆ’ ಅಂದಕೂಡಲೇ ಅವೆರಡೂ ಮಾಯ. ‘ಕರ್ಣವೇಧ’ ಅನ್ನುವುದು ಕಿವಿ ಚುಚ್ಚಿಸುವ ಸಂಸ್ಕಾರದ ಮಾತು, ಹೊಕ್ಕುಳಿಗೆ ಒಗ್ಗದು. ‘ಅಂಗವೇಧ’ ಎಂದು ಹೊಸದಾಗಿ ಕಟ್ಟಬಹುದು, ಆದರೆ ಅಂಥ ಬೋರ್ಡು ನೋಡಿ ಯಾರು ಒಳಗೆ ಬಂದಾರು?

ಇನ್ನೊಂದು ಜಾಡೂ ಇದೆ. ಮಂಡ್ಯ, ಮೈಸೂರು ಕಡೆಯ ಹಬ್ಬಗಳಲ್ಲಿ ಕೆನ್ನೆಗೆ ಸಲಾಕೆ ತೂರಿಸಿಕೊಳ್ಳುವುದನ್ನು ‘ಬಾಯಿಬೀಗ ಹಾಕಿಸಿಕೊಳ್ಳೋದು’ ಅನ್ನುತ್ತಾರೆ. ವೀರಭದ್ರನ ಗುಗ್ಗಳದ ಮೆರವಣಿಗೆಯಲ್ಲಿ ‘ಶಸ್ತ್ರ ಹಾಕಿಸಿಕೊಳ್ಳೋದು’. ಹೆಸರು ತೂತಿಗಲ್ಲ, ಅದರೊಳಗೆ ಹೋಗುವ ವಸ್ತುವಿಗೆ. ಒಡವೆಗಳಲ್ಲೂ ಹೀಗೆಯೇ. ಸ್ಟುಡಿಯೋದವರ ಪಟ್ಟಿಯಲ್ಲಿ ‘ಹೀಲಿಕ್ಸ್’ ಅಂತಿರುವುದು, ಅಂದರೆ ಕಿವಿಯ ಮೇಲಂಚು, ನಮ್ಮ ಅಜ್ಜಿಯರು ಬುಗುಡಿ ಇಡುತ್ತಿದ್ದ ಜಾಗ. ‘ಸೆಪ್ಟಮ್’, ಅಂದರೆ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ, ಬುಲಾಕಿನ ಜಾಗ. ಕಿವಿಯ ಹಾಲೆಗೆ ಓಲೆ; ಆ ಮಾತೇ ಸುರುಳಿ ಸುತ್ತಿ ತೂರಿಸುತ್ತಿದ್ದ ತಾಳೆಗರಿಯಿಂದ ಬಂದದ್ದು. ಹಾಗಾಗಿ ‘ಬುಗುಡಿಗೆ ಚುಚ್ಚಿಸುವುದು’, ‘ಬುಲಾಕಿಗೆ ಚುಚ್ಚಿಸುವುದು’ ಎಂದು ಬರೆಯೋಣ ಅನ್ನುವುದು ನನ್ನ ಒಲವು. ಬೋರ್ಡಿಗೆ ಮಾತ್ರ ‘ಬಾಡಿ ಪಿಯರ್ಸಿಂಗ್’ ಅಂತಲೇ ಇರಲಿ, ಕನ್ನಡ ಅಕ್ಷರದಲ್ಲಿ.

ಆರೈಕೆಯ ಚೀಟಿಯಲ್ಲಿ ಪದ ತಪ್ಪಿದರೆ ಕಿವಿಗೇ ಪೆಟ್ಟು. ಕರಡಿನಲ್ಲಿ ‘ಗಾಯ ಒಣಗುವವರೆಗೆ’ ಎಂದಿದೆ. ಮೇಲ್ಚರ್ಮ ಬೇಗ ಒಣಗುತ್ತದೆ, ಒಳಗೆ ಇನ್ನೂ ಹಸಿ. ‘ಒಣಗಿತಲ್ಲ’ ಎಂದು ರಿಂಗು ಬದಲಿಸಿದವರದು ಬಾತು ಕೀವು ಕಟ್ಟುತ್ತದೆ. ಇಲ್ಲಿ ‘ಮಾಯು’ ಬೇಕು. ಹಾಲೆ ಮಾಯಲು ಸಾಮಾನ್ಯವಾಗಿ 6ರಿಂದ 8 ವಾರ. ಬುಗುಡಿಯ ಜಾಗ ಮೆದುಮೂಳೆ, ರಕ್ತದ ಓಡಾಟ ಕಮ್ಮಿ, 6 ತಿಂಗಳಿಂದ ವರ್ಷದವರೆಗೂ ಹಿಡಿಯುತ್ತದೆ. ಬಾವು ಬಂದರೆ ಜಾಗವಿರಲೆಂದು ಮೊದಲು ಉದ್ದದ ‘ಬಾರ್’ ಹಾಕಿ, ಬಾವು ಇಳಿದ ಮೇಲೆ ಚಿಕ್ಕದು ಹಾಕುತ್ತಾರೆ. ಅದಕ್ಕೆ ‘ಕಡ್ಡಿ’ ಸಾಕು ಅನಿಸಿತು. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಇಟ್ಟುಕೊಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅದರ ಕೊನೆಗೆ ತಿರುಗಿಸಿ ಕೂರಿಸುವುದು ‘ತಿರುಪು’, ಅದರಲ್ಲಿ ಅನುಮಾನವಿಲ್ಲ. ‘ಆಟೋಕ್ಲೇವ್ ಮಾಡಿದ ಸೂಜಿ’ಯನ್ನು ‘ಕುದಿಸಿದ ಸೂಜಿ’ ಮಾಡಿದ್ದರು, ಅದನ್ನು ಹೊಡೆದುಹಾಕಿದೆ. 121 ಡಿಗ್ರಿಯ ಒತ್ತಡದ ಹಬೆಯೂ ಒಲೆಯ ಮೇಲಿನ ಕುದಿನೀರೂ ಒಂದೇ ಅಲ್ಲ.

ಉಳಿದ ತೊಡಕು ಎರಡು. ಕಿವಿಯ ತೂತಿಗೆ ಮುಂದೆ ಪುಟ್ಟ ಬಾಗಿಲಿನಂತಿರುವ ಉಬ್ಬು, ‘ಟ್ರಾಗಸ್’, ಅದಕ್ಕೆ ನಿಮ್ಮ ಕಡೆ ಆಡುಮಾತಿನ ಹೆಸರೇನಾದರೂ ಇದೆಯೇ? ಮತ್ತೆ ಚುಚ್ಚುವವರನ್ನು ಏನನ್ನುವುದು? ಮೊದಲು ಈ ಕೆಲಸ ಅಕ್ಕಸಾಲಿಯದು, ಉತ್ತರ ಕರ್ನಾಟಕದಲ್ಲಿ ಪತ್ತಾರರದು. ಸ್ಟುಡಿಯೋದ ಹುಡುಗಿ ಚಿನ್ನ ಮುಟ್ಟುವುದೇ ಇಲ್ಲ, ಅವಳ ಕೈಲಿರುವುದು ಟೈಟಾನಿಯಂ. ‘ಚುಚ್ಚುಗಾರ್ತಿ’ ಎಂದರೆ ಅವಳೇ ಬೇಡ ಅಂದಾಳು.