ನರಕೋಶದೊಳಗೆ ಕತ್ತರಿ ಯಾರ ಕೈಯಲ್ಲಿದೆ?

ಮಿಕ್ಸಿಂಗ್ ಮಂಜಣ್ಣ, ದಾವಣಗೆರೆ

ನಮಸ್ಕಾರ. ನಾನು ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವವನು. ಮಗಳು ಸೆಕೆಂಡ್ ಪಿಯುಸಿ. ಅವಳ ಬಯಾಲಜಿ ಪುಸ್ತಕದಲ್ಲಿ ಒಂದು ಚಿತ್ರ ನೋಡಿದೆ. ಜೀನ್‌ನಿಂದ ಉದ್ದನೆಯ ಆರ್‌ಎನ್‌ಎ (ಅಂದರೆ ಜೀನ್‌ನ ನಕಲು ಪ್ರತಿ) ಬರುತ್ತದೆ, ಅದರಲ್ಲಿ ಇಂಟ್ರಾನ್ ಅನ್ನುವ ತುಂಡುಗಳು ಹಾರಿಹೋಗುತ್ತವೆ, ಉಳಿದ ಎಕ್ಸಾನ್‌ಗಳು ಅಂಟಿಕೊಳ್ಳುತ್ತವೆ. ಇದು ನನ್ನ ಕಸುಬೇ ಅಲ್ವಾ! ಒಂದೇ ಫುಟೇಜ್‌ನಿಂದ ಹೆಣ್ಣಿನ ಕಡೆಯವರಿಗೆ ಒಂದು ಕಟ್, ಗಂಡಿನ ಕಡೆಯವರಿಗೆ ಇನ್ನೊಂದು ಕಟ್ ಕೊಡುತ್ತೇನೆ. ಧಾರೆ ಎರಡರಲ್ಲೂ ಇರುತ್ತದೆ. ಗಂಡಿನ ಸೋದರಮಾವ ಮುಯ್ಯಿ ಕೊಟ್ಟ ಸೀನ್ ಒಂದರಲ್ಲಿ ಮಾತ್ರ.

ಮಿದುಳಿನಲ್ಲಿ ಈ ಕತ್ತರಿ ಕೆಲಸ ತುಂಬಾ ಜಾಸ್ತಿ ಅಂತ ಆಮೇಲೆ ಓದಿದೆ. ಒಂದೇ ಜೀನ್ ಇಟ್ಟುಕೊಂಡು ಬೇರೆ ಬೇರೆ ನರಕೋಶಗಳು ಬೇರೆ ಬೇರೆ ಪ್ರೋಟೀನ್ ಮಾಡಿಕೊಳ್ಳುತ್ತವಂತೆ. ಸರಿ. ಇಲ್ಲಿ ಯಾವ ಸೀನ್ ಇಡಬೇಕು ಅಂತ ನಾನು ಕೂತು ನೋಡುತ್ತೇನೆ. ಅಲ್ಲಿ ಯಾರು? "ಕೋಶ ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತದೆ" ಅನ್ನುವ ಉತ್ತರ ಮಾತ್ರ ಬೇಡ. ಟ್ಯೂಷನ್‌ನಲ್ಲಿ ಮಗಳಿಗೆ ಅದನ್ನೇ ಹೇಳಿ ಕಳಿಸಿದ್ದಾರೆ.

ದುರ್ಗದ ಮೇಷ್ಟ್ರು, ಚಿತ್ರದುರ್ಗ

ಕತ್ತರಿಸುವ ಯಂತ್ರಕ್ಕೆ ಸ್ಪ್ಲೈಸಿಯೋಸೋಮ್ ಅನ್ನುತ್ತಾರೆ. ಅದು ಚರ್ಮದಲ್ಲೂ ಇದೆ, ಮಿದುಳಿನಲ್ಲೂ ಇದೆ. ವ್ಯತ್ಯಾಸ ಇರುವುದು ಆರ್‌ಎನ್‌ಎ ಮೇಲೆ ಹೋಗಿ ಕೂರುವ ಬೇರೆ ಪ್ರೋಟೀನ್‌ಗಳಲ್ಲಿ. ಎಕ್ಸಾನ್ ಪಕ್ಕದ ಕೆಲವು ಅಕ್ಷರಗಳನ್ನು (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಅನ್ನೋಣ) ಅವು ಗುರುತು ಹಿಡಿಯುತ್ತವೆ. ಅಲ್ಲಿ ಕೂತು ಯಂತ್ರವನ್ನು ತಡೆಯುತ್ತವೆ, ಇಲ್ಲವೇ ಕರೆಯುತ್ತವೆ.

ಉದಾಹರಣೆಗೆ ಪಿಟಿಬಿಪಿ1 ಎಂಬ ಪ್ರೋಟೀನ್. ನರಕೋಶಕ್ಕೆ ಬೇಕಾದ ಎಷ್ಟೋ ಎಕ್ಸಾನ್‌ಗಳನ್ನು ಬೇರೆ ಕೋಶಗಳಲ್ಲಿ ಇದು ಒಳಗೆ ಬಿಡುವುದೇ ಇಲ್ಲ. ಕೋಶವೊಂದು ನರಕೋಶವಾಗಿ ಬೆಳೆಯುವಾಗ ಮಿರ್-124 ಎಂಬ ಪುಟ್ಟ ಆರ್‌ಎನ್‌ಎ ಬಂದು ಪಿಟಿಬಿಪಿ1 ಅನ್ನು ತಗ್ಗಿಸುತ್ತದೆ. ತಡೆ ಹೋಯಿತು, ಎಕ್ಸಾನ್‌ಗಳು ಒಳಗೆ ಬಂದವು. ಇನ್ನೊಂದು ಎಸ್‌ಆರ್‌ಆರ್‌ಎಂ4. ಇದು ನರಕೋಶಗಳಲ್ಲೇ ಜಾಸ್ತಿ. ಮೈಕ್ರೋಎಕ್ಸಾನ್ ಅನ್ನುವ ಚೂರುಗಳನ್ನು ಉಳಿಸುವುದು ಇದರ ಕೆಲಸ. ಅವು 27 ಅಕ್ಷರಕ್ಕಿಂತ ಉದ್ದ ಇರುವುದಿಲ್ಲ. ಕೆಲವಂತೂ ಬರೀ 3 ಅಕ್ಷರ, ಅಂದರೆ ಪ್ರೋಟೀನ್‌ಗೆ ಸೇರುವುದು ಒಂದೇ ಒಂದು ಅಮೈನೋ ಆಮ್ಲ. ಚಿಕ್ಕದು ಅಂತ ಹಗುರ ಮಾಡಬೇಡಿ. ಎಸ್‌ಆರ್‌ಆರ್‌ಎಂ4 ಮಾಡುವ ಜೀನ್ ಕೆಟ್ಟ ಒಂದು ಇಲಿ ತಳಿಗೆ ಕಿವಿ ಕೇಳುವುದಿಲ್ಲ. ಇದ್ದಲ್ಲೇ ಗಿರಗಿರ ಸುತ್ತುತ್ತಿರುತ್ತದೆ. ಒಳಗಿವಿಯಲ್ಲಿ ಸದ್ದು, ಸಮತೋಲ ಗುರುತಿಸುವ ರೋಮಕೋಶಗಳಲ್ಲಿ ಎಷ್ಟೋ ಸತ್ತುಹೋಗಿರುತ್ತವೆ.

ಬಾವಲಿ

ಖಾರದ ಉದಾಹರಣೆ ಯಾರೂ ಕೊಡಲಿಲ್ಲವಲ್ಲ, ಅದೂ ದಾವಣಗೆರೆಯವರಿಗೆ! ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿದಾಗ ಉರಿ ಹತ್ತುವುದು ಟಿಆರ್‌ಪಿವಿ1 ಎಂಬ ಪ್ರೋಟೀನ್‌ನಿಂದ. ಸುಡುವ ಬಿಸಿ ಗೊತ್ತಾಗುವುದೂ ಅದರಿಂದಲೇ, 40 ಡಿಗ್ರಿ ದಾಟಿದ ಮೇಲೆ. ರಕ್ತ ಕುಡಿಯುವ ಬಾವಲಿಯ ಮುಖಕ್ಕೆ ಹೋಗುವ ನರಕೋಶಗಳಲ್ಲಿ ಇದೇ ಜೀನ್‌ಗೆ ಬೇರೆ ಕಟ್. ಪ್ರೋಟೀನ್‌ನ ಬಾಲ ಮೊಟಕು. ಆ ಮೊಟಕು ಬಾಲದ್ದು 30 ಡಿಗ್ರಿ ಆಸುಪಾಸಿಗೇ ಎಚ್ಚರಗೊಳ್ಳುತ್ತದೆ. ಹಸುವಿನ ಚರ್ಮದ ಕೆಳಗೆ ರಕ್ತ ಎಲ್ಲಿ ಹರಿಯುತ್ತಿದೆ ಅಂತ ಮೂಗಿಗೇ ಗೊತ್ತಾಗುತ್ತದೆ. ಅದೇ ಬಾವಲಿಯ ಮೈಗೆ ಹೋಗುವ ನರಕೋಶಗಳಲ್ಲಿ ಉದ್ದ ಬಾಲದ್ದೇ ಇದೆ. ಇಲ್ಲದಿದ್ದರೆ ತನ್ನ ಮೈ ಬಿಸಿಯೇ ಅದಕ್ಕೆ ಉರಿ.

(ಚಂದ್ರವಳ್ಳಿ ಗುಹೆಗೆ ಹೋಗುವವರು ಹೆದರಬೇಡಿ. ಈ ಬಾವಲಿಗಳು ಇರುವುದು ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಕಡೆ ಮಾತ್ರ.)

ಮಿಕ್ಸಿಂಗ್ ಮಂಜಣ್ಣ, ದಾವಣಗೆರೆ

ಬಾವಲಿ ಕಥೆ ಮಗಳಿಗೂ ಹಿಡಿಸಿತು. ಹಾಗಾದರೆ ಪ್ರತಿಯೊಂದು ಕಟ್‌ಗೂ ಹಿಂದೆ ಇಂಥ ಒಂದು ಪ್ರೋಟೀನ್ ಕೂತು ಆರಿಸಿರುತ್ತದೆ ಅಂತಲೇ?

ದುರ್ಗದ ಮೇಷ್ಟ್ರು, ಚಿತ್ರದುರ್ಗ

ಇಲ್ಲ. ಹಣ್ಣುನೊಣದ ಡಿಸ್ಕ್ಯಾಮ್1 ಜೀನ್ ನೋಡಿ. ಅದರಲ್ಲಿ ನಾಲ್ಕು ಜಾಗಗಳಲ್ಲಿ ಎಕ್ಸಾನ್ ಆಯ್ಕೆ ಇದೆ: 12ರಲ್ಲಿ ಒಂದು, 48ರಲ್ಲಿ ಒಂದು, 33ರಲ್ಲಿ ಒಂದು, 2ರಲ್ಲಿ ಒಂದು. ಗುಣಿಸಿ. ಪ್ರೋಟೀನ್‌ನ 38,016 ರೂಪಗಳು ಬರುತ್ತವೆ. ಪ್ರತಿ ನರಕೋಶಕ್ಕೂ ಇದರಲ್ಲಿ ಕೆಲವೇ ಕೆಲವು ಸಿಗುತ್ತವೆ, ಅದೂ ಹೆಚ್ಚು ಕಡಿಮೆ ಲಾಟರಿ ಲೆಕ್ಕದಲ್ಲಿ. ಇದೇ ಬರಲಿ ಅಂತ ಯಾರೂ ಆರಿಸುವುದಿಲ್ಲ. ಪಕ್ಕದ ಕೋಶಕ್ಕೆ ಬಂದದ್ದು ಇದಕ್ಕೆ ಬರದಿದ್ದರೆ ಸಾಕು.

ಯಾಕೆಂದರೆ ನರಕೋಶದ ಎರಡು ಕೊಂಬೆಗಳ (ಕೋಶದಿಂದ ಚಾಚಿಕೊಂಡ ಎಳೆಗಳ) ಮೇಲೆ ಒಂದೇ ರೂಪದ ಡಿಸ್ಕ್ಯಾಮ್ ಎದುರಾದಾಗ ಎರಡೂ ಅಂಟಿಕೊಳ್ಳುತ್ತವೆ, ಕೂಡಲೇ ಆ ಕೊಂಬೆಗಳು ದೂರ ಸರಿಯುತ್ತವೆ. ಹೀಗೆ ಒಂದು ಕೋಶದ ಕೊಂಬೆಗಳು ತಮ್ಮ ಮೇಲೇ ಗೋಜಲಾಗದೆ ಹರಡಿಕೊಳ್ಳುತ್ತವೆ. ಎಲ್ಲಾ ಕೋಶಗಳಿಗೂ ಒಂದೇ ರೂಪ ಕೊಟ್ಟು ನೊಣಗಳನ್ನು ಬೆಳೆಸಿ ನೋಡಿದ್ದಾರೆ. ಆಗ ಪಕ್ಕದವನ ಕೊಂಬೆಯನ್ನೂ ತನ್ನದೇ ಅಂದುಕೊಂಡು ದೂರ ಸರಿದವು. ವೈರಿಂಗ್ ಕೆಟ್ಟಿತು.

ಬಾವಲಿ

ಒಂದು ಸೇರಿಸುತ್ತೇನೆ. ಮಗಳು ಇದನ್ನು ಮನುಷ್ಯರಿಗೂ ಸೇರಿಸಿ ಬರೆಯದಿರಲಿ. ನಮ್ಮ ಡಿಸ್ಕ್ಯಾಮ್‌ನಲ್ಲಿ ಈ ಲಾಟರಿ ಇಲ್ಲ. ನಮ್ಮಲ್ಲಿ ಆ ಕೆಲಸ ಪ್ರೊಟೊಕ್ಯಾಡ್ಹೆರಿನ್ ಎಂಬ ಬೇರೆ ಪ್ರೋಟೀನ್‌ಗಳದು. ಅಲ್ಲಿ ಮುಖ್ಯ ಆಯ್ಕೆ ನಡೆಯುವುದು ಜೀನ್ ಅನ್ನು ಎಲ್ಲಿಂದ ಓದಲು ಶುರು ಮಾಡಬೇಕು ಅನ್ನುವಲ್ಲಿ. ಕತ್ತರಿ ಬರುವುದು ಆಮೇಲೆ.