ಹಳೆ ರೇವಾಗೆ ಲಿಥಿಯಂ ಬ್ಯಾಟರಿ ಹಾಕಿಸಿದವರು ಯಾರಾದರೂ ಇದ್ದೀರಾ?

ಮಲ್ಲೇಶ್ವರದ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನ ರೇವಾ-ಐ ಇದೆ, ಬೆಂಗಳೂರಿನ ರೇವಾ ಕಂಪನಿಯ ಪುಟ್ಟ ಎಲೆಕ್ಟ್ರಿಕ್ ಕಾರು, 2009ರ ಗಾಡಿ. ಬಾಡಿ, ಮೋಟರ್ ಎರಡೂ ಚೆನ್ನಾಗಿವೆ. ಬ್ಯಾಟರಿ ಮಾತ್ರ ಪೂರ್ತಿ ಕೂತಿದೆ. ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿದರೂ 15 ಕಿ.ಮೀ. ದಾಟುವುದಿಲ್ಲ. ಈಗಿರುವಂಥದೇ ಹೊಸ ಲೆಡ್ ಆಸಿಡ್ ಬ್ಯಾಟರಿ ಎಂಟೂ ಹಾಕಿಸಿದರೆ 1.15 ಲಕ್ಷ ಅಂತಾರೆ. ಲಿಥಿಯಂಗೆ ಒಬ್ಬರು 2.4 ಲಕ್ಷ ಹೇಳಿದ್ದಾರೆ. ನನ್ನ ಓಡಾಟ ದಿನಕ್ಕೆ 20 ಕಿ.ಮೀ. ಒಳಗೆ. ಆದರೆ ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗ್‌ನಿಂದ ಮೇಲೆ ಬರುವ ಏರು ತುಂಬಾ ಕಡಿದು. ಸಂಜೆ ಹೊತ್ತು ಗಾಡಿ ಅರ್ಧದಲ್ಲೇ ನಿಂತುಬಿಡುತ್ತೆ, ಹಿಂದೆ ಹಾರ್ನ್ ಶುರು. ಎರಡರಲ್ಲಿ ಯಾವುದು ಹಾಕಿಸಿದರೆ ಆ ಏರು ಹತ್ತುತ್ತೆ? ಗಾಡಿ ಮಾರುವ ಯೋಚನೆ ಇಲ್ಲ.

ಆಸಿಡ್ ರಾಯರು:
ಲೆಡ್ ಆಸಿಡ್ ಹಾಕಿಸಿಕೊಂಡು ನೆಮ್ಮದಿಯಾಗಿರಮ್ಮ. ನನ್ನದು 2004ರ ರೇವಾ, ನಿಮ್ಮ ರೇವಾ-ಐ ಹಾಗೆ ಎಸಿ ಅಲ್ಲ, ಹಳೇ ಡಿಸಿ ಮೋಟರಿನದು. ಈಗ ಓಡುತ್ತಿರುವುದು ಐದನೇ ಸೆಟ್. ಬ್ಯಾಟರಿ ಹಾಳಾಗುವುದು ಓಡಿಸಿ ಅಲ್ಲ, ಅರ್ಧ ಚಾರ್ಜಿನಲ್ಲಿ ನಿಲ್ಲಿಸಿ. ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿಕೊಂಡರೆ ಆಮೇಲೆ ಎಷ್ಟು ಕರೆಂಟ್ ಕೊಟ್ಟರೂ ಒಳಗೆ ಇಳಿಯುವುದಿಲ್ಲ.

ಕಳೆದ ಸೆಟ್‌ನ ಲೆಕ್ಕ ಕೊಡುತ್ತೇನೆ. ಒಂದಕ್ಕೆ 13,800ರಂತೆ ಎಂಟಕ್ಕೆ 1,10,400. ಹಳೇ ಎಂಟನ್ನೂ ತೂಕಕ್ಕೆ ಹಾಕಿದೆ. 235 ಕೆ.ಜಿ. ಬಂತು, ಕೆ.ಜಿ.ಗೆ 92ರಂತೆ 21,620 ವಾಪಸ್. ಕೈಯಿಂದ ಹೋಗಿದ್ದು 88,780. ಕೇಬಲ್ ತುದಿ ಎಲ್ಲ ಹಸಿರು ಹಿಡಿದಿತ್ತು, ಹೊಸ ಕೇಬಲ್ 2,600. ಕೂಲಿ 1,500. ಸೀಟು ಬಿಚ್ಚುವಾಗ ಹುಡುಗ ಒಂದು ಬೋಲ್ಟ್ ಮುರಿದ, ಅದಕ್ಕೆ ಇನ್ನೊಂದು 350. ಅಷ್ಟೇ.

ಭಾನುವಾರ ಬೆಳಗ್ಗೆ ಕಾಫಿ ಆದ ಮೇಲೆ ಸೀಟು ಎತ್ತಿ ಹೈಡ್ರೋಮೀಟರ್ ಹಿಡಿದು ಬ್ಯಾಟರಿಗೆ ಮೂರರಂತೆ 24 ಸೆಲ್ಲಿನ ಆಸಿಡ್ ಸಾಂದ್ರತೆಯನ್ನೂ ನೋಡುತ್ತೇನೆ. 1.270 ತೋರಿಸಿದರೆ ಸರಿ. ಒಂದೇ ಒಂದು ಸೆಲ್ 1.180ಕ್ಕೆ ಇಳಿದಿದ್ದರೆ ಆ ಬ್ಯಾಟರಿಗೆ ಸೀಮೆಸುಣ್ಣದಲ್ಲಿ ಗುರುತು. ಡಿಸ್ಟಿಲ್ಡ್ ವಾಟರ್ ನಾನೇ ಹಾಕುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ. ಕೆಲವರು ಬೋರ್‌ವೆಲ್ ನೀರು ಹಾಕಿ, ಆಮೇಲೆ ಲೆಡ್ ಆಸಿಡ್ ಸರಿಯಿಲ್ಲ ಅಂತಾರೆ.

ಹದಿನಾರು ಸೆಲ್:
ರಾಯರೇ, ಐದನೇ ಸೆಟ್ ಅಂತ ಹೆಮ್ಮೆಯಿಂದ ಹೇಳ್ತಿದ್ದೀರಲ್ಲ, ಐದಕ್ಕೂ ಸೇರಿಸಿ ಎಷ್ಟಾಯ್ತು ಅಂತ ಒಮ್ಮೆ ಕೂಡಿ ನೋಡಿ.

ಮೇಡಂ, ನಾನು ಲಿಥಿಯಂ ಹಾಕಿದ್ದೇನೆ. ಗ್ಯಾರೇಜಿಗೆ ಕೊಟ್ಟಿಲ್ಲ, ನಾನೇ ಕಟ್ಟಿದ್ದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ರಿಸ್ಮ್ಯಾಟಿಕ್ ಸೆಲ್, ಅಂದರೆ ಚಪ್ಪಟೆ ಡಬ್ಬಿಯಂಥವು, ಒಂದೊಂದೂ 280 ಆಂಪ್ ಅವರ್, 16 ಸೀರೀಸ್‌ನಲ್ಲಿ ಒಂದರ ಹಿಂದೆ ಒಂದು ಜೋಡಿಸಿದ್ದು. ಸೆಲ್ಲಿಗೆ 7,900ರಂತೆ 1,26,400. ಸಾಗಾಟ, ಕಸ್ಟಮ್ಸ್ 31,000. ಮೊದಲ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ, ಮಿತಿ ಮೀರಿದರೆ ಕರೆಂಟ್ ಕಡಿಯುವ ಬೋರ್ಡ್, 200 ಆಂಪಿನದು, 14,500. ಅದು ದಂಡ. ರೇವಾ-ಐ ಜೋರಾಗಿ ಎಳೆಯುವಾಗ 350 ಆಂಪ್ ಕೇಳುತ್ತೆ. ಮಾರಿದವನು 'ಪೀಕ್ ತಡೆಯುತ್ತೆ ಸಾರ್' ಅಂದಿದ್ದ. ಯಶವಂತಪುರದ ಫ್ಲೈಓವರ್ ಹತ್ತುವಾಗ ಟಪ್ ಅಂತ ಎಲ್ಲ ಆಫ್. ಲೈಟೂ ಇಲ್ಲ. ಆಮೇಲೆ 400 ಆಂಪಿನದು ತಂದೆ, 27,000. ಹೊಸ ಚಾರ್ಜರ್ 19,000. ಸೆಲ್ ಜೋಡಿಸುವ ಲೋಹದ ಪಟ್ಟಿ (ಬಸ್‌ಬಾರ್) 4,200. ಪೀಣ್ಯದಲ್ಲಿ ಪೆಟ್ಟಿಗೆ ವೆಲ್ಡ್ ಮಾಡಿಸಿದ್ದು 9,500. ಕಾಂಟ್ಯಾಕ್ಟರ್, ಫ್ಯೂಸ್ 6,300. ಒಟ್ಟು 2,37,900. ಬಿಲ್ ಎಲ್ಲ ಇಟ್ಟಿದ್ದೇನೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಫುಲ್ ಚಾರ್ಜ್ ಮಾಡಿ ಮನೆಯಿಂದ ಇಳಿಜಾರಿಗೆ ಬಿಟ್ಟರೆ ಬ್ರೇಕ್ ಹಾಕಿದಾಗ ಮೋಟರ್ ಹುಟ್ಟಿಸುವ ಕರೆಂಟ್ (ರೀಜನ್) ವಾಪಸ್ ಬ್ಯಾಟರಿಗೆ ನುಗ್ಗುತ್ತೆ. ಒಳಗೆ ಜಾಗ ಇರುವುದಿಲ್ಲ. ಒಂದು ಸೆಲ್ 3.65 ವೋಲ್ಟ್ ದಾಟಿದ ತಕ್ಷಣ ಬಿಎಂಎಸ್ ಬಾಗಿಲು ಹಾಕುತ್ತೆ. ಹಿಂದೆ ಬಿಎಂಟಿಸಿ ಬಸ್, ಮುಂದೆ ನಾನು, ಗಾಡಿ ಸತ್ತಿದೆ. ಈಗ ಚಾರ್ಜರನ್ನು 58.4 ವೋಲ್ಟಿಗೆ ಬಿಡದೆ 56.8ಕ್ಕೇ ನಿಲ್ಲಿಸಿದ್ದೇನೆ. ತೊಂದರೆ ಇಲ್ಲ. 100 ಕಿ.ಮೀ. ಸಲೀಸು. ಸೆಲ್ ತೂಕ ಎಲ್ಲ ಸೇರಿ 90 ಕೆ.ಜಿ. ಒಳಗೆ. ಗಾಡಿ ಎಷ್ಟು ಹಗುರ ಆಗಿದೆ ಅಂದರೆ ಮುಂಚಿಗಿಂತ ಎತ್ತರ ನಿಲ್ಲುತ್ತೆ.

ಆಸಿಡ್ ರಾಯರು:
ಫ್ಲೈಓವರ್ ಮೇಲೆ ಆಫ್, ಇಳಿಜಾರಿನಲ್ಲಿ ಆಫ್. ಇದನ್ನ ಅಪ್‌ಗ್ರೇಡ್ ಅಂತಾರಾ? ನನ್ನ ಗಾಡಿ ನಿಧಾನ ಆಗಬಹುದು, ಆದರೆ ಹೇಳದೆ ಕೇಳದೆ ನಿಲ್ಲುವುದಿಲ್ಲ.

ಫ್ರೀಮಾಂಟ್ ಗೌಡ:
ನಮಸ್ಕಾರ, ಕ್ಯಾಲಿಫೋರ್ನಿಯಾದಿಂದ. ಹಳೆ ಎಲೆಕ್ಟ್ರಿಕ್ ಗಾಡಿಗೆ ಹೊಸ ಬ್ಯಾಟರಿ ಅನ್ನೋ ಮಾತು ಬಂದಿದ್ದಕ್ಕೆ ಬರೀತಿದ್ದೇನೆ. ನನ್ನದು 2010ರ ಟೆಸ್ಲಾ ರೋಡ್‌ಸ್ಟರ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದರಲ್ಲಿ 6,831 ಸಣ್ಣ ಸೆಲ್ ಇವೆ, ಲ್ಯಾಪ್‌ಟಾಪಿಗೆ ಹಾಕುತ್ತಿದ್ದ 18650 ಸೈಜಿನವು. 69 ಸೇರಿ ಒಂದು ಬ್ರಿಕ್, 9 ಬ್ರಿಕ್ ಸೇರಿ ಒಂದು ಶೀಟ್, ಅಂಥ 11 ಶೀಟ್. ಒಟ್ಟು 53 ಕಿಲೋವ್ಯಾಟ್ ಅವರ್. ತೂಕ 450 ಕೆ.ಜಿ. ಒಂದೇ ಒಂದು ಬ್ರಿಕ್ ಸೊರಗಿದರೂ ಉಳಿದ 98 ಬ್ರಿಕ್ ಚೆನ್ನಾಗಿದ್ದು ಪ್ರಯೋಜನ ಇಲ್ಲ. ಸೊರಗಿದ್ದು ಖಾಲಿಯಾದಲ್ಲಿಗೆ ಗಾಡಿ ನಿಲ್ಲಬೇಕು.

ಕಂಪನಿ 2014ರ ಡಿಸೆಂಬರಿನಲ್ಲಿ ರೋಡ್‌ಸ್ಟರ್ 3.0 ಅಂತ ಹೊಸ ಪ್ಯಾಕ್ ಪ್ರಕಟಿಸಿತು. ಬೆಲೆ 29,000 ಡಾಲರ್. ಮನೆಯಲ್ಲಿ 'ಆ ದುಡ್ಡಿಗೆ ಹೊಸ ಕಾರೇ ಬರುತ್ತಲ್ಲ' ಅಂದರು. ಬರುತ್ತೆ, ಆದರೆ ಅದು ರೋಡ್‌ಸ್ಟರ್ ಅಲ್ಲವಲ್ಲ. ಹಾಕಿಸಿದೆ. ಹೊಸದರಲ್ಲಿ 244 ಮೈಲಿ ಕೊಡುತ್ತಿದ್ದ ಗಾಡಿ ಈಗ 300 ದಾಟುತ್ತೆ. ಹೊಟ್ಟೆ ಉರಿಯುವುದು ಇನ್ಷೂರೆನ್ಸ್ ವಿಷಯಕ್ಕೆ. ಆ 29,000ವನ್ನು ಗಾಡಿ ಬೆಲೆಗೆ ಸೇರಿಸಲು ಅವರು ಒಪ್ಪಲಿಲ್ಲ. ಬಿಲ್, ಫೋಟೋ ಎಲ್ಲ ಕಳಿಸಿದೆ. 'ಬ್ಯಾಟರಿ ಬದಲಿಸುವುದು ರಿಪೇರಿ' ಅಂತ ಬರೆದರು. ನಾಳೆ ಯಾರಾದರೂ ಗುದ್ದಿದರೆ ನನಗೆ ಸಿಗುವುದು ಹಳೆ ಬ್ಯಾಟರಿ ಗಾಡಿಯ ದುಡ್ಡು. ಆದ್ದರಿಂದ ಮೇಡಂ, ಹಾಕಿಸುವ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ.

ಜಯನಗರ ಟಿ ಬ್ಲಾಕ್:
ಗೌಡ್ರೇ, ಆಗಿನ ಲೆಕ್ಕದಲ್ಲೂ ನಿಮ್ಮ ಬ್ಯಾಟರಿ 19 ಲಕ್ಷದ ಹತ್ತಿರ. ಆ ಹುಡುಗಿ ಕೇಳಿರುವುದು ಬೇಸ್‌ಮೆಂಟ್ ಏರಿನ ಬಗ್ಗೆ.

ಆಸಿಡ್ ರಾಯರು:
ಇನ್ನೊಂದು ಮಾತು. ಟೆಸ್ಲಾ ಕಂಪನಿ ಹುಟ್ಟಿದ್ದೇ 2003ರಲ್ಲಿ. ನಮ್ಮ ರೇವಾ 2001ರಲ್ಲೇ ಬೆಂಗಳೂರಿನ ರಸ್ತೆಗೆ ಇಳಿದಿತ್ತು. ಲಂಡನ್ನಿನಲ್ಲಿ ಇದನ್ನೇ ಜಿ-ವಿಜ್ ಅಂತ ಓಡಿಸುತ್ತಿದ್ದರು, ಊರೊಳಗೆ ಬರುವ ಗಾಡಿಗೆ ಹಾಕುವ ಕಂಜೆಶನ್ ಚಾರ್ಜ್ ಇಲ್ಲದೆ. ನಿಮ್ಮ ರೋಡ್‌ಸ್ಟರಿನ ಚಾಸಿಯೂ ಇಂಗ್ಲೆಂಡಿನ ಲೋಟಸ್‌ನಿಂದ ಬಂದಿದ್ದು. ಹೊಗಳಿಕೊಳ್ಳುವ ಮುಂಚೆ ಇದನ್ನೂ ಹೇಳಿ.

ಫ್ರೀಮಾಂಟ್ ಗೌಡ:
ರಾಯರೇ, ನಾನು ಹೊಗಳಿಕೊಂಡಿಲ್ಲ, ಖರ್ಚು ಹೇಳಿದೆ. ರೇವಾ ಶುರುವಾದಾಗ ಅದರಲ್ಲೂ ಅಮೆರಿಕದ ಅಮೆರಿಗಾನ್ ಕಂಪನಿ ಪಾಲುದಾರ ಆಗಿತ್ತು, ಮರೆತಿರಾ? ರೋಡ್‌ಸ್ಟರ್ ಸ್ಪೋರ್ಟ್ 60 ಮೈಲಿ ವೇಗಕ್ಕೆ 3.7 ಸೆಕೆಂಡಿನಲ್ಲಿ ಹೋಗುತ್ತೆ. ನಿಮ್ಮದು ಆ ವೇಗ ಮುಟ್ಟುವುದೇ ಇಲ್ಲ.

ಆಸಿಡ್ ರಾಯರು:
ಸಿಲ್ಕ್ ಬೋರ್ಡ್‌ನಲ್ಲಿ ನಿಮ್ಮದೂ ಮುಟ್ಟುವುದಿಲ್ಲ.

ತುಮಕೂರು ರಸ್ತೆ:
ಎಲ್ಲರೂ ನಿಲ್ಲಿಸಿ. ಅಕ್ಕಾ, ನನ್ನ ಕಥೆ ಕೇಳಿ ಆಮೇಲೆ ದುಡ್ಡು ಬಿಚ್ಚಿ.

ನಾನು ಒಂದು ಗ್ಯಾರೇಜಿಗೆ 1.9 ಲಕ್ಷ ಕೊಟ್ಟು ಲಿಥಿಯಂ ಹಾಕಿಸಿದೆ. 1.2 ಲಕ್ಷ ಅಡ್ವಾನ್ಸ್, ಉಳಿದಿದ್ದು ಗಾಡಿ ಕೊಡುವಾಗ. ಹಳೇ ಎಂಟು ಬ್ಯಾಟರಿಯನ್ನೂ ಅವರೇ ಇಟ್ಟುಕೊಂಡರು, ಒಂದು ಪೈಸೆ ಕೊಡಲಿಲ್ಲ. ಮೊದಲು ಚೆನ್ನಾಗಿತ್ತು. ಮಳೆಗಾಲ ಬಂತು, ರೇಂಜ್ 60 ಕಿ.ಮೀ.ಗೆ ಇಳಿಯಿತು. ಪೆಟ್ಟಿಗೆ ಬಿಚ್ಚಿಸಿದೆ. ಸೆಲ್ ಮೇಲಿನ ಕ್ಯೂಆರ್ ಕೋಡನ್ನು ಗೀಚಿ ಅಳಿಸಿ ಅದರ ಮೇಲೆ ನೀಲಿ ಪ್ಲಾಸ್ಟಿಕ್ ಸುತ್ತಿದ್ದರು. ಬೆರಳಲ್ಲಿ ಸವರಿದರೆ ಗೀಚಿದ್ದು ತಿಳಿಯುತ್ತೆ. 280 ಆಂಪ್ ಅವರ್ ಅಂದಿದ್ದ ಸೆಲ್ ಟೆಸ್ಟ್ ಮಾಡಿಸಿದರೆ 214. ಟೆಸ್ಟಿಗೇ 3,500. ಎರಡು ಸೆಲ್ ಮಧ್ಯದಲ್ಲಿ ಉಬ್ಬಿದ್ದವು. ಒಂದು ಬಸ್‌ಬಾರಿನ ನಟ್ ಸಡಿಲ, ಅದರ ಕೆಳಗೆ ಕಪ್ಪಗೆ ಸುಟ್ಟ ಗುರುತು. ಸೀಟಿನ ಕೆಳಗೆ! ಮಗು ಕೂರೋ ಜಾಗ ಅದು. ಗ್ಯಾರೇಜಿನವನ ಫೋನ್ ಈಗ ಸ್ವಿಚ್ಡ್ ಆಫ್, ಬೋರ್ಡೂ ಬದಲಾಗಿದೆ.

ಹದಿನಾರು ಸೆಲ್:
ಹಾಕಿಸುವ ಮುಂಚೆ ಒಂದೊಂದು ಸೆಲ್ಲನ್ನೂ ಕೆಪಾಸಿಟಿ ಟೆಸ್ಟ್ ಮಾಡಿಸಬೇಕಿತ್ತು. ಟಾಪ್ ಬ್ಯಾಲೆನ್ಸ್ ಮಾಡದೆ, ಅಂದರೆ ಎಲ್ಲ ಸೆಲ್ಲನ್ನೂ ಒಂದೇ ಮಟ್ಟಕ್ಕೆ ಫುಲ್ ಚಾರ್ಜ್ ಮಾಡಿಕೊಳ್ಳದೆ, ಪ್ಯಾಕ್ ಕಟ್ಟಿದರೆ ಹಿಂಗೇ ಆಗುವುದು. ಇದು ಲಿಥಿಯಂ ತಪ್ಪಲ್ಲ.

ತುಮಕೂರು ರಸ್ತೆ:
ಗುರೂ, ನನಗೇನು ಲ್ಯಾಬ್ ಇದೆಯಾ? ನಾನು ದಿನಸಿ ಅಂಗಡಿ ಇಟ್ಟಿರೋನು. ದುಡ್ಡು ಕೊಟ್ಟಿದ್ದು ಕೆಲಸ ಗೊತ್ತಿದೆ ಅಂದವನಿಗೆ. ಎಲ್ಲರೂ ನಿಮ್ಮ ಹಾಗೆ ಬೆಡ್‌ರೂಮಿನಲ್ಲಿ ಹದಿನಾರು ಸೆಲ್ ಜೋಡಿಸಿಕೊಂಡು ಕೂರೋಕಾಗುತ್ತಾ?

ಹದಿನಾರು ಸೆಲ್:
ಬೆಡ್‌ರೂಮ್ ಅಲ್ಲ, ಕಾರ್ ಶೆಡ್. ಸಿಟ್ಟು ನನ್ನ ಮೇಲೆ ಯಾಕೆ?

ಇ2ಒ ಸೌಮ್ಯ:
ನಮ್ಮದು 2013ರ ಇ2ಒ, ರೇವಾ ಆದ ಮೇಲೆ ಮಹೀಂದ್ರಾ ರೇವಾ ತಂದ ಎಲೆಕ್ಟ್ರಿಕ್ ಕಾರು. ಅದು ಮೊದಲಿನಿಂದಲೂ ಲಿಥಿಯಂ, 48 ವೋಲ್ಟೇ. ಆದ್ದರಿಂದ ಲಿಥಿಯಂ ಹಾಕಿಸಿದರೆ ಜೀವನಪೂರ್ತಿ ಚಿಂತೆ ಇಲ್ಲ ಅನ್ನುವವರಿಗೆ ಒಂದು ಮಾತು. ನಮ್ಮಲ್ಲೂ ಸೆಲ್‌ಗಳು ಒಂದಕ್ಕೊಂದು ಹೊಂದಾಣಿಕೆ ತಪ್ಪಿದವು. 40% ಇದೆ ಅಂತ ಮೀಟರ್ ತೋರಿಸುತ್ತಿರುವಾಗಲೇ ಗಾಡಿ ಕುಂಟಲು ಶುರು. ಮೀಟರ್ ನಂಬಬೇಡಿ. ರೇವಾದ ಹಳೆ ಮೀಟರಂತೂ ಲೆಡ್ ಆಸಿಡ್ ಲೆಕ್ಕದ್ದು. ಲಿಥಿಯಂಗೆ ಅದು ಸುಳ್ಳೇ ಹೇಳುವುದು. ಬೇರೆ ಮೀಟರ್ ಹಾಕಿಸಿ, ನಾವು ಹಾಕಿದ್ದು 3,200ರದ್ದು.

ನಮ್ಮ ಪ್ಯಾಕಿನಲ್ಲಿ ಮೂರು ಸೆಲ್ ಮಾತ್ರ ಬದಲಿಸಿದೆವು, 41,000 ಆಯ್ತು. ಹೊಸ ಮೂರು, ಹಳೆ ಉಳಿದವು. ಹೊಸವು ತುಂಬುವ ಮೊದಲೇ ಹಳೆಯವು ತುಂಬಿ ಚಾರ್ಜ್ ನಿಂತುಬಿಡುತ್ತೆ. ಮನೆಯವರು ಇನ್ನೂ ಆ 41,000 ನೆನೆಸಿಕೊಂಡು ರೇಗುತ್ತಾರೆ.

ಜಯನಗರ ಟಿ ಬ್ಲಾಕ್:
ಯಾರೂ ಕಾನೂನಿನ ಮಾತೇ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಕಂಪನಿ ಹೇಳಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. ಖಾಲಿ ಗಾಡಿಯ ತೂಕ ಆರ್‌ಸಿಯಲ್ಲೇ ಇರುತ್ತೆ. 150 ಕೆ.ಜಿ. ಕಮ್ಮಿಯಾದರೆ ತಾಳೆ ಎಲ್ಲಿ? ಮೇಡಂ, ನಿಮ್ಮದು 2009ರ ಗಾಡಿ, 15 ವರ್ಷ ಮುಗಿದಿದೆ. ಆರ್‌ಸಿ ರಿನ್ಯೂ ಆಗಿದೆಯಾ? ಬ್ಯಾಟರಿ ಆಮೇಲೆ, ಮೊದಲು ಅದು.

ಹದಿನಾರು ಸೆಲ್:
ರೇವಾ ಕಂಪನಿಯೇ 2009ರಲ್ಲಿ ಲಿಥಿಯಂ ಮಾಡೆಲ್ ತಂದಿತ್ತು ಸ್ವಾಮಿ. ಅದೇ ಬಾಡಿ. ಸುಮ್ನೆ ಜನರನ್ನ ಹೆದರಿಸಬೇಡಿ.

ಜಯನಗರ ಟಿ ಬ್ಲಾಕ್:
ಕಂಪನಿ ಮಾಡಿದ್ದಕ್ಕೆ ಟೆಸ್ಟ್ ಸರ್ಟಿಫಿಕೇಟ್ ಇತ್ತು. ನಿಮ್ಮ ಪೀಣ್ಯದ ಪೆಟ್ಟಿಗೆಗೆ ಯಾವ ಸರ್ಟಿಫಿಕೇಟ್ ಇದೆ? ಬೆಂಕಿ ಹತ್ತಿದ ದಿನ ಇನ್ಷೂರೆನ್ಸ್‌ನವರು ಮೊದಲು ಕೇಳುವುದೇ ಅದನ್ನ.

ಹದಿನಾರು ಸೆಲ್:
ಎಲ್‌ಎಫ್‌ಪಿ ಅಷ್ಟು ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ.

ತುಮಕೂರು ರಸ್ತೆ:
ನನ್ನ ಪೆಟ್ಟಿಗೆಯಲ್ಲಿ ಸುಟ್ಟಿದ್ದೇನು, ದೋಸೆನಾ?

ಮಲ್ಲೇಶ್ವರದ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಆರ್‌ಸಿ ರಿನ್ಯೂ ಆಗಿದೆ ಸರ್. ಆ ಏರಿನ ಬಗ್ಗೆ ಯಾರಾದರೂ ಹೇಳ್ತೀರಾ?

ಹದಿನಾರು ಸೆಲ್:
ಏರು ಹತ್ತುವುದು ಕರೆಂಟಿನ ಮೇಲೆ. ಹಳೆ ಲೆಡ್ ಆಸಿಡ್ ಅರ್ಧ ಖಾಲಿ ಇದ್ದಾಗ 300 ಆಂಪ್ ಎಳೆದರೆ ವೋಲ್ಟ್ ದಬಕ್ಕನೆ ಬೀಳುತ್ತೆ, ಮೋಟರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಕೈ ಎತ್ತುತ್ತೆ. ಸಂಜೆ ಮಾತ್ರ ನಿಲ್ಲುವುದು ಅದಕ್ಕೇ. ಲಿಥಿಯಂ ಕೊನೆವರೆಗೂ ಹೆಚ್ಚುಕಮ್ಮಿ ಅದೇ ವೋಲ್ಟ್ ಕೊಡುತ್ತೆ. 2.4 ಲಕ್ಷ ಹೇಳಿದವರನ್ನ ಎರಡೇ ಕೇಳಿ: ಬಿಎಂಎಸ್ ನಿರಂತರ ಎಷ್ಟು ಆಂಪ್, ಚಾರ್ಜರ್ ಬದಲಿಸುತ್ತೀರಾ ಇಲ್ಲವಾ. ಹಳೆ ಚಾರ್ಜರ್ ಲೆಡ್ ಆಸಿಡ್‌ಗೆ ಮಾಡಿದ್ದು, ಅದೇ ಸಾಕು ಅಂದರೆ ಎದ್ದು ಬನ್ನಿ.

ಆಸಿಡ್ ರಾಯರು:
ಹೊಸ ಲೆಡ್ ಆಸಿಡ್ ಹಾಕಿ, ಆಫೀಸಿನಲ್ಲಿ ಒಂದು 15 ಆಂಪ್ ಪ್ಲಗ್ ಕೇಳಿ. ಬೇಸ್‌ಮೆಂಟಿನಲ್ಲೇ ಚಾರ್ಜ್ ಆಗುತ್ತಿರಲಿ. ಸಂಜೆ ಫುಲ್ ಇದ್ದರೆ ಏರು ತಾನಾಗಿ ಹತ್ತುತ್ತೆ. ಇದಕ್ಕೆ 2.4 ಲಕ್ಷ ಬೇಕೇನಮ್ಮಾ?

ಹದಿನಾರು ಸೆಲ್:
ಯಾವ ಆಫೀಸಿನವರು ಕೊಡ್ತಾರೆ ರಾಯರೇ? ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಂದು ಪ್ಲಗ್ಗಿಗೆ ಅಸೋಸಿಯೇಷನ್ ಮೀಟಿಂಗ್ ಮೇಲೆ ಮೀಟಿಂಗ್ ಆಯ್ತು.

ಇ2ಒ ಸೌಮ್ಯ:
ಅಪಾರ್ಟ್‌ಮೆಂಟ್ ಪ್ಲಗ್ಗಿನ ಮಾತು ಎತ್ತಬೇಡಿ. ನಮ್ಮ ಸೆಕ್ರೆಟರಿ ಸಬ್ ಮೀಟರ್ ಹಾಕಿಸಿಕೊಳ್ಳಿ ಅಂದರು. 6,800 ಕೊಟ್ಟು ಹಾಕಿಸಿದ ಮೇಲೆ ಯೂನಿಟ್ಟಿಗೆ 12 ರೂಪಾಯಿ ಅಂತ ಬಿಲ್ ಕೊಟ್ಟರು.

ತುಮಕೂರು ರಸ್ತೆ:
ಅಕ್ಕಾ, ಲಿಥಿಯಂ ಹಾಕಿಸುವುದೇ ಆದರೆ ನಿಮ್ಮ ಹಳೆ ಚಾರ್ಜರ್ ನನಗೆ ಕೊಡಿ. ನಾನು ವಾಪಸ್ ಲೆಡ್ ಆಸಿಡ್‌ಗೆ ಹೋಗ್ತಿದ್ದೇನೆ, ನನ್ನದನ್ನ ಆ ಗ್ಯಾರೇಜಿನವನೇ ಇಟ್ಟುಕೊಂಡ. 4,000 ಕೊಡ್ತೀನಿ. ನಾನೇ ಬಂದು ತಗೊಂಡು ಹೋಗ್ತೀನಿ.

ಆಸಿಡ್ ರಾಯರು:
ತಮ್ಮಾ, 4,000ಕ್ಕೆ ನನ್ನ ಹತ್ತಿರವೇ ಒಂದು ಸ್ಪೇರ್ ಇದೆ. ಆದರೆ ಡಿಸಿ ಗಾಡಿಯದು. ನಿನ್ನದು ಯಾವ ವರ್ಷದ್ದು?